ಸೋಲು ಕಣ್ಣೆದುರಿಗಿದ್ದರೂ ಕ್ರಾಡಕ್ ಯಾಕೆ ಹಿಂದಿರುಗಲಿಲ್ಲ?

ಓದುಗರ ಪ್ರಶ್ನೆ: ಮೊದಲನೇ ಮಹಾಯುದ್ಧದಲ್ಲಿ ಎಮ್ಡೆನ್ ಅನ್ನುವ ಜರ್ಮನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿದ ಕಥೆ ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು. ಎಮ್ಡೆನ್ ಸೇರಿದ್ದ ತಂಡವೇ ದಕ್ಷಿಣ ಅಮೆರಿಕದ ಹತ್ತಿರ ಬ್ರಿಟಿಷ್ ಅಡ್ಮಿರಲ್ ಕ್ರಾಡಕ್ ಎಂಬಾತನನ್ನು ಸೋಲಿಸಿ ಮುಳುಗಿಸಿತು ಅಂತ ಈಚೆಗೆ ಓದಿದೆ. ಎದುರಾಳಿ ಬಲಶಾಲಿ ಅಂತ ಕ್ರಾಡಕ್‌ಗೆ ಮೊದಲೇ ಗೊತ್ತಿತ್ತಂತೆ. ಅಷ್ಟು ವರ್ಷ ನೌಕಾಪಡೆಯಲ್ಲಿ ಪಳಗಿದ ಮನುಷ್ಯ ಗೊತ್ತಿದ್ದೂ ಯಾಕೆ ಹೋದ? ಅದು ದುಡುಕೋ, ಮೇಲಿನವರ ಆಜ್ಞೆಯೋ? ಆತನ ವೃತ್ತಿಜೀವನದ ಬಗ್ಗೆಯೂ ಸ್ವಲ್ಪ ಹೇಳಿ.

ಉತ್ತರ:

ನಿಮ್ಮ ಹಿರಿಯರು ಹೇಳಿದ ಕಥೆಯಿಂದಲೇ ಶುರು ಮಾಡೋಣ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಮದ್ರಾಸಿನ ಕಡಲತೀರಕ್ಕೆ ಬಂದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳನ್ನು ಹೊತ್ತಿಸಿತು. ಹೆದರಿದ ಜನ ಊರು ಬಿಟ್ಟು ಓಡಿದರು. ಅದೇ ತಾರೀಖಿನಂದು ಪೆಸಿಫಿಕ್ ಸಾಗರದ ನಡುವೆ, ಟಹೀಟಿ ದ್ವೀಪದ ಪಪೀಟೆ ಬಂದರಿನ ಮೇಲೆ ಇನ್ನೆರಡು ಜರ್ಮನ್ ಹಡಗುಗಳು ಗುಂಡು ಹಾರಿಸಿದವು. ಅವು ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನಾವ್. ಈ ಮೂರೂ ಒಂದೇ ತಂಡದವು. ತಂಡದ ಮುಖ್ಯಸ್ಥ ಅಡ್ಮಿರಲ್ ಮ್ಯಾಕ್ಸಿಮಿಲಿಯನ್ ಫಾನ್ ಸ್ಪೇ. ಆಗಸ್ಟ್‌ನಲ್ಲಿ ಪೇಗನ್ ಎಂಬ ಪುಟ್ಟ ದ್ವೀಪದಲ್ಲಿ ಸೇರಿದಾಗ ಎಮ್ಡೆನ್ ಒಂದನ್ನೇ ನಮ್ಮ ಕಡೆಯ ಸಮುದ್ರಕ್ಕೆ ಕಳಿಸಿ, ಉಳಿದ ಹಡಗುಗಳನ್ನು ಕಟ್ಟಿಕೊಂಡು ಸ್ಪೇ ಪೂರ್ವಕ್ಕೆ, ಅಂದರೆ ದಕ್ಷಿಣ ಅಮೆರಿಕದ ಕಡೆಗೆ ಹೊರಟ. ಆ ದಾರಿಯ ಕೊನೆಯಲ್ಲಿ ಸಿಕ್ಕಿದವನೇ ಕ್ರಾಡಕ್.

ದುಡುಕೋ ಆಜ್ಞೆಯೋ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ದುಡುಕು ಖಂಡಿತ ಅಲ್ಲ. ಆದರೆ ಬರೀ ಆಜ್ಞೆ ಅಂದರೂ ಪೂರ್ತಿ ಆಗುವುದಿಲ್ಲ. ಆ ಸಂಜೆಯೊಂದನ್ನೇ ನೋಡಿದರೆ ಉತ್ತರ ಸಿಗುವುದಿಲ್ಲ. ಆ ಮನುಷ್ಯನಿಗೆ ನೌಕಾಪಡೆ 39 ವರ್ಷ ಏನು ಕಲಿಸಿತು, ಯಾವುದಕ್ಕೆ ಶಹಬ್ಬಾಸ್ ಅಂದಿತು ಅನ್ನುವುದನ್ನು ನೋಡಬೇಕು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ.

ಕ್ರಿಸ್ಟೋಫರ್ ಕ್ರಾಡಕ್ ಹುಟ್ಟಿದ್ದು 1862ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ರಿಚ್ಮಂಡ್ ಹತ್ತಿರದ ಹಾರ್ಟ್‌ಫರ್ತ್‌ನಲ್ಲಿ. ಜಮೀನುದಾರರ ಮನೆ. ಈತ ನಾಲ್ಕನೇ ಮಗ. ಅಲ್ಲಿ ಆಸ್ತಿ ಹಿರಿಯ ಮಗನಿಗೆ ಹೋಗುತ್ತಿತ್ತು. ಕಿರಿಯರು ಸೈನ್ಯವೋ ಚರ್ಚೋ ನೌಕಾಪಡೆಯೋ ನೋಡಿಕೊಳ್ಳಬೇಕಿತ್ತು. 1875ರಲ್ಲಿ, 12ನೇ ವಯಸ್ಸಿಗೆ, ಈ ಹುಡುಗ ಬ್ರಿಟಾನಿಯಾ ಸೇರಿದ. ಅದು ಡಾರ್ಟ್‌ಮತ್‌ನ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಹಳೆಯ ಮರದ ಹಡಗು, ಅದೇ ಶಾಲೆ. ನಮ್ಮಲ್ಲಿ ಏಳನೇ ಕ್ಲಾಸು ಎಂಟನೇ ಕ್ಲಾಸಿನಲ್ಲಿ ಇರುವ ವಯಸ್ಸು ಅದು. ಮನೆಯವರು ಫೀಸು ಕಟ್ಟಬೇಕಿತ್ತು. ಹಾಗಾಗಿ ಸಾಮಾನ್ಯರ ಮಕ್ಕಳು ಅಲ್ಲಿಗೆ ಕಾಲಿಡುವುದೇ ಕಷ್ಟವಿತ್ತು. ಗಣಿತ, ದಿಕ್ಕು ನೋಡಿ ಹಡಗು ನಡೆಸುವುದು, ಹಗ್ಗ ಕಟ್ಟುವುದು, ಹಾಯಿ ಏರಿಸುವುದು ಇಷ್ಟು ಓದು. ಎಲ್ಲಕ್ಕಿಂತ ಜಾಸ್ತಿ ಕಲಿಸುತ್ತಿದ್ದದ್ದು ಎರಡು ವಿಷಯ: ಮೇಲಿನವರ ಮಾತು ಮೀರಬೇಡ, ಶತ್ರು ಕಂಡರೆ ಬೆನ್ನು ತೋರಿಸಬೇಡ.

ಅಲ್ಲಿಂದ ಮುಂದೆ ಮೆಟ್ಟಿಲುಗಳು. ಮೊದಲು ಮಿಡ್‌ಶಿಪ್‌ಮನ್, ಅಂದರೆ ಹಡಗಿನಲ್ಲೇ ಕೆಲಸ ಕಲಿಯುವ ಹುಡುಗ. ಆಮೇಲೆ ಪರೀಕ್ಷೆಗಳು, ಸಬ್ ಲೆಫ್ಟಿನೆಂಟ್, ಲೆಫ್ಟಿನೆಂಟ್. ಕ್ರಾಡಕ್ ಲೆಫ್ಟಿನೆಂಟ್ ಆದದ್ದು 1885ರಲ್ಲಿ. ನಿಜವಾದ ಜರಡಿ ಇರುವುದು ಇದಾದ ಮೇಲೆ. ಲೆಫ್ಟಿನೆಂಟಿನಿಂದ ಕಮಾಂಡರ್, ಕಮಾಂಡರಿನಿಂದ ಕ್ಯಾಪ್ಟನ್, ಈ ಎರಡು ಬಡ್ತಿಗೆ ಆಯ್ಕೆ ನಡೆಯುತ್ತಿತ್ತು. ಎಷ್ಟೋ ಮಂದಿ ಲೆಫ್ಟಿನೆಂಟಾಗಿಯೇ ತಲೆ ನೆರೆತು ನಿವೃತ್ತರಾದರು. ಕ್ಯಾಪ್ಟನ್ ಆಗಿಬಿಟ್ಟರೆ ಮಾತ್ರ ದಾರಿ ಸಲೀಸು. ಅಲ್ಲಿಂದ ಅಡ್ಮಿರಲ್ ಪದವಿಗೆ ಸೀನಿಯಾರಿಟಿ ಪಟ್ಟಿ. ಮುಂದಿದ್ದವರು ನಿವೃತ್ತರಾದ ಹಾಗೆ, ತೀರಿಕೊಂಡ ಹಾಗೆ ಹಿಂದಿದ್ದವರು ಮೇಲೆ ಬರುತ್ತಿದ್ದರು. ಅಂದರೆ ಒಬ್ಬ ಅಧಿಕಾರಿಯ ಹಣೆಬರಹ ನಿರ್ಧಾರವಾಗುತ್ತಿದ್ದದ್ದು 25ರಿಂದ 40ರ ವಯಸ್ಸಿನೊಳಗೆ. ಆ ವರ್ಷಗಳಲ್ಲಿ ಮೇಲಿನವರ ಕಣ್ಣಿಗೆ ಬೀಳಬೇಕು. ಹೇಗೆ ಬೀಳುವುದು? ದೊಡ್ಡ ನೌಕಾಯುದ್ಧಗಳು ಇರಲಿಲ್ಲ. ಇದ್ದದ್ದು ಸಾಮ್ರಾಜ್ಯದ ಅಂಚಿನ ಸಣ್ಣ ಕಾದಾಟಗಳು. ಅಲ್ಲಿ ಕತ್ತಿ ಹಿಡಿದು ಮುಂದೆ ನಿಂತವನಿಗೆ ಪದಕ, ಪದಕ ಇದ್ದವನಿಗೆ ಬಡ್ತಿ.

ಕ್ರಾಡಕ್ ಈ ದಾರಿಯಲ್ಲೇ ಬೆಳೆದ. 1891ರಲ್ಲಿ ಸೂಡಾನಿನ ಟೋಕರ್ ಕಾಳಗದಲ್ಲಿದ್ದ. ಆಮೇಲೆ ಮಹಾರಾಣಿಯ ವಿಹಾರ ನೌಕೆಯಲ್ಲಿ ಕೆಲಸ ಸಿಕ್ಕಿತು. ಅದು ಅರಮನೆಯ ಕಣ್ಣಿಗೆ ಬೀಳುವ ಜಾಗ. 1896ರಲ್ಲಿ ಕಮಾಂಡರ್ ಆದ. 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಎದ್ದಿತು. ಟಾಕು ಕೋಟೆಗಳು ನದಿಯ ಬಾಯಲ್ಲಿ ಅಡ್ಡ ಕೂತಿದ್ದವು. ಜೂನ್ 17ರ ಬೆಳಗಿನ ಜಾವ ಹಲವು ದೇಶಗಳ ನಾವಿಕರು ನೆಲಕ್ಕಿಳಿದು ಆ ಕೋಟೆಗಳಿಗೆ ನುಗ್ಗಿದರು. ಬ್ರಿಟಿಷರ ಮುಂದಾಳು ಕ್ರಾಡಕ್. ಪಕ್ಕದಲ್ಲೇ ಜಪಾನೀಯರು, ರಷ್ಯನ್ನರು, ಜರ್ಮನ್ನರು. ಬ್ರಿಟಿಷರು ಮತ್ತು ಜಪಾನೀಯರು ಮೊದಲು ಒಳಹೊಕ್ಕರು. ಮುಂದಿನ ವರ್ಷವೇ ಕ್ರಾಡಕ್ ಕ್ಯಾಪ್ಟನ್. ಜರ್ಮನಿಯ ಚಕ್ರವರ್ತಿ ಕೈಸರ್ ಕೂಡ ಮೆಚ್ಚಿ ಪ್ರಷ್ಯಾದ ಪದಕವೊಂದನ್ನು ಕೊಟ್ಟ. ಅದೇ ಕೈಸರನ ನೌಕಾಪಡೆಯ ಕೈಯಲ್ಲಿ 14 ವರ್ಷಗಳ ನಂತರ ಈತ ಸತ್ತ.

ಆತ ಮದುವೆಯಾಗಲಿಲ್ಲ. ಕುದುರೆ, ನಾಯಿ, ಬೇಟೆ ಇಷ್ಟು ಹವ್ಯಾಸ. ಸಾವು ಬರುವುದಾದರೆ ಯುದ್ಧದಲ್ಲಿ ಬರಲಿ, ಇಲ್ಲದಿದ್ದರೆ ಬೇಟೆಯ ಬಯಲಲ್ಲಿ ಕುದುರೆಯಿಂದ ಬಿದ್ದು ಬರಲಿ ಅನ್ನುತ್ತಿದ್ದನಂತೆ. ಈ ಮಾತನ್ನು ಹಿಡಿದುಕೊಂಡೇ ಎಷ್ಟೋ ಮಂದಿ ಕ್ರಾಡಕ್ ಸಾವನ್ನು ಹುಡುಕಿಕೊಂಡು ಹೋದ ಅಂತ ಬರೆದುಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಯಾಕೆಂದರೆ ಇದೇ ಮನುಷ್ಯ ಮೂರು ಪುಸ್ತಕ ಬರೆದಿದ್ದಾನೆ. ಅದರಲ್ಲೊಂದು ಹಡಗು ನಡೆಸುವ ಕಿರಿಯ ಅಧಿಕಾರಿಗಳಿಗೆ ಬರೆದ ಬುದ್ಧಿಮಾತು. ತಲೆ ಓಡುವುದಕ್ಕಿಂತ ವೇಗವಾಗಿ ದೋಣಿ ಓಡಿಸಬೇಡಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ದುಡುಕುವವನು ಹೀಗೆ ಬರೆಯುತ್ತಾನಾ?

ಇನ್ನೆರಡು ಘಟನೆ ಹೇಳಲೇಬೇಕು. 1904ರಲ್ಲಿ ಸಾರ್ಡೀನಿಯಾ ದ್ವೀಪದ ಹತ್ತಿರ ಒಬ್ಬ ಮಿಡ್‌ಶಿಪ್‌ಮನ್ ನೀರಿನಲ್ಲಿ ಮುಳುಗುತ್ತಿದ್ದ. ಕ್ಯಾಪ್ಟನ್ ಕ್ರಾಡಕ್ ತಾನೇ ಅವನನ್ನು ಕಾಪಾಡಿದ. ಆಗ ಆತನಿಗೆ 42 ವರ್ಷ. 1911ರ ಡಿಸೆಂಬರಿನಲ್ಲಿ ಪಿ ಅಂಡ್ ಓ ಕಂಪನಿಯ ಡೆಲ್ಹಿ ಎಂಬ ಪ್ರಯಾಣಿಕ ಹಡಗು ಮೊರಾಕೊದ ಸ್ಪಾರ್ಟೆಲ್ ಭೂಶಿರದ ಹತ್ತಿರ ನೆಲಕ್ಕೆ ಬಡಿದು ಸಿಕ್ಕಿಕೊಂಡಿತು. ರಾಜ ಐದನೇ ಜಾರ್ಜ್‌ನ ತಂಗಿ ಲೂಯಿಸ್, ಆಕೆಯ ಗಂಡ, ಇಬ್ಬರು ಹೆಣ್ಣುಮಕ್ಕಳು ಅದರಲ್ಲಿದ್ದರು. ಅಬ್ಬರದ ಅಲೆಗಳ ನಡುವೆ ದೋಣಿಗಳಲ್ಲಿ ಜನರನ್ನು ಇಳಿಸುವ ಕೆಲಸದ ಮುಂದಾಳತ್ವ ಕ್ರಾಡಕ್‌ನದು. ಸಹಾಯಕ್ಕೆ ಬಂದ ಮೂವರು ಫ್ರೆಂಚ್ ನಾವಿಕರು ಮುಳುಗಿ ಸತ್ತರು. ಪ್ರಯಾಣಿಕರು ದಡ ಸೇರಿದರು. ಮರುವರ್ಷ ಆತನಿಗೆ ಸರ್ ಪದವಿ ಬಂತು. ಅಷ್ಟರಲ್ಲಿ, 1910ರಲ್ಲೇ, ರಿಯರ್ ಅಡ್ಮಿರಲ್ ಆಗಿದ್ದ.

ಇದು ಧೈರ್ಯವಂತನ ವೃತ್ತಿಜೀವನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರಲ್ಲಿ ಒಂದು ಕೊರತೆ ಇದೆ, ನೋಡಿ. ಸಾವಿರಾರು ಮೈಲಿ ದೂರದ ಶತ್ರುವನ್ನು ಹೇಗೆ ಹುಡುಕುವುದು, ಎಷ್ಟು ಹಡಗು ಎಲ್ಲಿಡುವುದು, ಲಂಡನ್ನಿನ ಆಜ್ಞೆ ಗೋಜಲಾಗಿದ್ದರೆ ತಿರುಗಿ ಏನು ಕೇಳುವುದು ಇವನ್ನೆಲ್ಲ ಆತನಿಗೆ ಯಾರೂ ಕಲಿಸಿರಲಿಲ್ಲ. ಆತನಿಗೊಬ್ಬನಿಗೇ ಅಲ್ಲ, ಆ ತಲೆಮಾರಿನ ಯಾರಿಗೂ ಕಲಿಸಿರಲಿಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ಯುದ್ಧದ ಯೋಜನೆ ಮಾಡುವ ಒಂದು ಸರಿಯಾದ ವಿಭಾಗ ಶುರುವಾದದ್ದೇ 1912ರಲ್ಲಿ. ಅದು ಎಳೆಯ ಕೂಸು. 1914ರಲ್ಲಿ ಅಡ್ಮಿರಾಲ್ಟಿಯಲ್ಲಿ, ಅಂದರೆ ಲಂಡನ್ನಿನ ನೌಕಾಪಡೆ ಕಚೇರಿಯಲ್ಲಿ ಕೂತವರೂ, ಕಡಲಲ್ಲಿದ್ದವರೂ, ಇಬ್ಬರೂ ಈ ಕೆಲಸಕ್ಕೆ ಹೊಸಬರೇ.

1913ರ ಫೆಬ್ರವರಿಯಲ್ಲಿ ಕ್ರಾಡಕ್‌ಗೆ ನಾಲ್ಕನೇ ಕ್ರೂಸರ್ ದಳ ಸಿಕ್ಕಿತು. ಕ್ರೂಸರ್ ಅಂದರೆ ದೂರದ ಸಮುದ್ರಗಳಲ್ಲಿ ಓಡಾಡುವ ವೇಗದ ಯುದ್ಧಹಡಗು. ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಆತನ ಕ್ಷೇತ್ರ. ಮೆಕ್ಸಿಕೊದಲ್ಲಿ ಕ್ರಾಂತಿ ನಡೆಯುತ್ತಿತ್ತು. ಅಲ್ಲಿನ ವಿದೇಶಿಯರನ್ನು ಕಾಯುವುದು ಮುಖ್ಯ ಕೆಲಸ. 1914ರ ಜುಲೈಯಲ್ಲಿ ಅಧ್ಯಕ್ಷ ಹುಯೆರ್ಟಾ ಪದವಿ ಬಿಟ್ಟು ದೇಶದಿಂದ ಓಡಿದಾಗ ಜಮೈಕಾಕ್ಕೆ ಸಾಗಿಸಿದ್ದು ಡ್ರೆಸ್ಡೆನ್ ಎಂಬ ಜರ್ಮನ್ ಕ್ರೂಸರ್. ಅಲ್ಲಿಯ ತನಕ ಈ ಹಡಗುಗಳು ಒಂದೇ ತೀರದಲ್ಲಿ ಅಕ್ಕಪಕ್ಕದಲ್ಲಿದ್ದವು. ನವೆಂಬರಿನಲ್ಲಿ ಅದೇ ಡ್ರೆಸ್ಡೆನ್ ಸ್ಪೇಯ ಸಾಲಿನಲ್ಲಿ ನಿಂತಿತ್ತು.

ಯುದ್ಧ ಶುರುವಾದ ಎರಡನೇ ದಿನ, ಆಗಸ್ಟ್ 6ರಂದು, ಕ್ರಾಡಕ್ ತನ್ನ ಸಫೋಕ್ ಹಡಗಿನಿಂದ ಒಂದು ದೃಶ್ಯ ಕಂಡ. ಕಾರ್ಲ್ಸ್‌ರೂಹೆ ಎಂಬ ಜರ್ಮನ್ ಕ್ರೂಸರ್ ನಡುಗಡಲಲ್ಲಿ ಒಂದು ಪ್ರಯಾಣಿಕ ಹಡಗಿಗೆ ಫಿರಂಗಿ ಸಾಗಿಸುತ್ತಿತ್ತು. ಕ್ರಾಡಕ್ ಬೆನ್ನಟ್ಟಿದ. ಅದು ಹೊಸ ಹಡಗು, ವೇಗ ಜಾಸ್ತಿ, ತಪ್ಪಿಸಿಕೊಂಡಿತು. ಆಮೇಲೆ ಕ್ರಾಡಕ್ ಗುಡ್ ಹೋಪ್ ಎಂಬ ಹಡಗಿಗೆ ತನ್ನ ಬಾವುಟ ಬದಲಾಯಿಸಿದ, ಅಂದರೆ ಅದನ್ನೇ ತನ್ನ ಮುಖ್ಯ ಹಡಗು ಮಾಡಿಕೊಂಡ. ಅದು 1902ರ ಹಡಗು. ಯುದ್ಧಕ್ಕೆ ಅಂತ ಮತ್ತೆ ಎಬ್ಬಿಸಿದ್ದರು. ನಾವಿಕರಲ್ಲಿ ಹೆಚ್ಚಿನವರು ರಿಸರ್ವ್ ಪಡೆಯವರು, ಅಂದರೆ ಕರೆ ಬಂತು ಅಂತ ಮನೆಯಿಂದ ಎದ್ದು ಬಂದವರು. ಫಿರಂಗಿ ಅಭ್ಯಾಸಕ್ಕೆ ಸಮಯವೇ ಸಿಕ್ಕಿರಲಿಲ್ಲ. ಎದುರಿಗಿದ್ದ ಶಾರ್ನ್‌ಹಾರ್ಸ್ಟ್, ಗ್ನೈಸೆನಾವ್ ಎರಡೂ ಗುರಿ ಹೊಡೆಯುವುದರಲ್ಲಿ ಜರ್ಮನ್ ನೌಕಾಪಡೆಯ ಬಹುಮಾನ ಗೆದ್ದ ಹಡಗುಗಳು.

ಈಗ ಟೆಲಿಗ್ರಾಂಗಳ ವಿಷಯ. ಇಡೀ ಕಥೆಯ ಗಂಟು ಇಲ್ಲಿದೆ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೆಪ್ಟೆಂಬರ್ 14ರಂದು ಅಡ್ಮಿರಾಲ್ಟಿಯಿಂದ ಆಜ್ಞೆ ಬಂತು. ಸ್ಪೇ ದಕ್ಷಿಣ ಅಮೆರಿಕಕ್ಕೆ ಬರಬಹುದು, ಎದುರಿಸುವಷ್ಟು ಬಲವಾದ ದಳವನ್ನು ಒಂದು ಕಡೆ ಸೇರಿಸು, ಫಾಕ್‌ಲ್ಯಾಂಡ್ ದ್ವೀಪದಲ್ಲಿ ಕಲ್ಲಿದ್ದಲು ತುಂಬಿಕೊ, ಡಿಫೆನ್ಸ್ ಎಂಬ ಕ್ರೂಸರ್ ಮೆಡಿಟರೇನಿಯನ್ನಿನಿಂದ ಬಂದು ನಿನ್ನ ಜೊತೆ ಸೇರುತ್ತದೆ, ಕೆನೋಪಸ್ ಎಂಬ ಯುದ್ಧನೌಕೆಯೂ ಬರುತ್ತಿದೆ, ಬಲ ಕೂಡಿದ ಮೇಲೆ ಹುಡುಕಿ ನಾಶ ಮಾಡು. ಒಳ್ಳೆಯ ಆಜ್ಞೆಯೇ. ಆದರೆ ಅದೇ ದಿನ ಸ್ಪೇ ಸಮೋವಾದಲ್ಲಿ ಕಾಣಿಸಿಕೊಂಡು ವಾಯವ್ಯಕ್ಕೆ ತಿರುಗಿದ ಅಂತ ಸುದ್ದಿ ಬಂತು. ಅದು ಸ್ಪೇ ಬೇಕಂತಲೇ ತೋರಿಸಿದ ಸುಳ್ಳು ದಿಕ್ಕು. ಲಂಡನ್ ನಂಬಿತು. ಡಿಫೆನ್ಸ್ ಹಡಗನ್ನು ಅಲ್ಲೇ ತಡೆಹಿಡಿಯಿತು. ಮತ್ತು ಈ ತಡೆಹಿಡಿದ ಸುದ್ದಿಯನ್ನು ಕ್ರಾಡಕ್‌ಗೆ ಹೇಳಲೇ ಇಲ್ಲ. ವಾರಗಟ್ಟಲೆ ಆತ ಬಾರದ ಹಡಗಿಗೆ ಕಾದ. ಈ ಭಾಗ ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಕ್ಟೋಬರ್ ಮೊದಲ ವಾರಕ್ಕೆ ಸ್ಪೇ ಪೂರ್ವಕ್ಕೇ ಬರುತ್ತಿರುವುದು ಖಚಿತವಾಯಿತು. ಎದುರಿಸಲು ಸಿದ್ಧನಿರು, ಕೆನೋಪಸನ್ನು ಜೊತೆಗಿಟ್ಟುಕೊ ಅಂತ ಲಂಡನ್ ಹೇಳಿತು. ಕ್ರಾಡಕ್ ದಕ್ಷಿಣ ಅಮೆರಿಕದ ಎರಡೂ ತೀರದಲ್ಲಿ ಒಂದೊಂದು ಬಲವಾದ ದಳ ಇರಲಿ, ಇಲ್ಲದಿದ್ದರೆ ಸ್ಪೇ ನುಸುಳಿಬಿಡುತ್ತಾನೆ ಅಂತ ಸೂಚಿಸಿದ. ಸಲಹೆ ಒಪ್ಪಿಗೆಯಾಯಿತು. ಹೇಗೆ ಗೊತ್ತಾ? ಡಿಫೆನ್ಸ್ ಕೊನೆಗೂ ಹೊರಟಿತು, ಆದರೆ ಅದನ್ನು ಪೂರ್ವ ತೀರದ ಹೊಸ ದಳಕ್ಕೆ, ಸ್ಟಾಡರ್ಟ್ ಎಂಬ ಇನ್ನೊಬ್ಬ ಅಡ್ಮಿರಲ್ಲಿಗೆ ಕೊಟ್ಟರು. ಕ್ರಾಡಕ್‌ಗೆ ಉಳಿದದ್ದು ಕೆನೋಪಸ್.

ಕೆನೋಪಸ್‌ನಲ್ಲಿ 12 ಇಂಚಿನ ನಾಲ್ಕು ಫಿರಂಗಿಗಳಿದ್ದವು. ಕೇಳಲು ದೊಡ್ಡದು. ಆದರೆ 1890ರ ದಶಕದ ಮುದಿ ಹಡಗು. ಅದು 12 ನಾಟ್‌ಗಿಂತ ವೇಗವಾಗಿ ಓಡದು ಅಂತ ವರದಿ ಬಂತು. ನಾಟ್ ಅನ್ನುವುದು ಹಡಗಿನ ವೇಗದ ಅಳತೆ. ಸ್ಪೇಯ ಹಡಗುಗಳು 20 ನಾಟ್ ಸುಲಭವಾಗಿ ದಾಟುತ್ತಿದ್ದವು. ಎತ್ತಿನ ಗಾಡಿಯ ಜೊತೆ ಕುದುರೆ ಹಿಡಿಯಲು ಹೊರಟ ಹಾಗೆ. ಆಮೇಲೆ ತಿಳಿದುಬಂದದ್ದೇ ಬೇರೆ. ಕೆನೋಪಸ್‌ನ ಮುಖ್ಯ ಎಂಜಿನಿಯರ್ ಅಧಿಕಾರಿಗೆ ಮನಸ್ಸಿನ ಆರೋಗ್ಯ ಕೆಟ್ಟಿತ್ತು. ಆತ ಕೊಟ್ಟ ಲೆಕ್ಕ ತಪ್ಪಾಗಿತ್ತು. ಹಡಗು 15 ನಾಟ್‌ಗಿಂತಲೂ ಜಾಸ್ತಿ ಓಡಬಲ್ಲದಾಗಿತ್ತು. ಈ ಸಂಗತಿ ಕ್ರಾಡಕ್‌ಗೆ ಮುಟ್ಟಲೇ ಇಲ್ಲ.

ಕೆನೋಪಸ್‌ನ ನಿಧಾನದಿಂದ ಶತ್ರುವನ್ನು ಹುಡುಕಿ ನಾಶ ಮಾಡುವುದು ಸಾಧ್ಯವಿಲ್ಲ, ಹಾಗಾಗಿ ಡಿಫೆನ್ಸ್ ನನ್ನ ಬಳಿ ಬರಲಿ ಅಂತ ಆದೇಶಿಸಿದ್ದೇನೆ, ಕೆನೋಪಸ್ ಕಲ್ಲಿದ್ದಲು ಹಡಗುಗಳ ಕಾವಲಿಗೆ ಇರಲಿ ಎಂದು ಅಕ್ಟೋಬರ್ ಕೊನೆಯಲ್ಲಿ ಕ್ರಾಡಕ್ ತಂತಿ ಕಳಿಸಿದ. ಆಗ ನೌಕಾ ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಈ ತಂತಿಯ ಅರ್ಥವೇ ಸ್ಪಷ್ಟವಿಲ್ಲ ಅಂತ ಚರ್ಚಿಲ್ ಟಿಪ್ಪಣಿ ಬರೆದರು. ಅದೇ ವಾರ ಅಡ್ಮಿರಾಲ್ಟಿಯಲ್ಲಿ ಮೇಲಿನವರು ಬದಲಾಗುವ ಗಲಾಟೆ. ಫಸ್ಟ್ ಸೀ ಲಾರ್ಡ್, ಅಂದರೆ ನೌಕಾಪಡೆಯ ಮುಖ್ಯ ಅಧಿಕಾರಿ ಬ್ಯಾಟನ್‌ಬರ್ಗ್ ಜರ್ಮನ್ ಮೂಲದವರು ಅಂತ ಜನ ಬೊಬ್ಬೆ ಹಾಕಿದ್ದರಿಂದ ರಾಜೀನಾಮೆ ಕೊಟ್ಟರು. ಡಿಫೆನ್ಸ್ ಪೂರ್ವದಲ್ಲೇ ಇರಬೇಕು ಅಂತ ಲಂಡನ್ ಉತ್ತರಿಸಿತು. ಬ್ಯಾಟನ್‌ಬರ್ಗ್ ಜಾಗಕ್ಕೆ ಹೊಸದಾಗಿ ಬಂದ ಫಿಶರ್ ನಕ್ಷೆ ನೋಡಿದ ಕೂಡಲೇ ಅಪಾಯ ಕಂಡುಕೊಂಡರು. ಡಿಫೆನ್ಸ್ ತಕ್ಷಣ ಕ್ರಾಡಕ್ ಬಳಿ ಹೋಗಲಿ ಅಂತ ನವೆಂಬರ್ 3ರಂದು ಆಜ್ಞೆ ಹೊರಟಿತು. ಕ್ರಾಡಕ್ ಸತ್ತು ಎರಡು ದಿನ ಆಗಿತ್ತು.

ಇವುಗಳ ಜೊತೆಗೆ ಇನ್ನೊಂದು ಹೆಸರು ಆತನ ತಲೆಯಲ್ಲಿ ಸುತ್ತುತ್ತಿತ್ತು: ಟ್ರೌಬ್ರಿಜ್. ಈತನೂ ಅಡ್ಮಿರಲ್, ಕ್ರಾಡಕ್‌ನ ಗೆಳೆಯ. ಆಗಸ್ಟ್ 7ರಂದು ಮೆಡಿಟರೇನಿಯನ್ನಿನಲ್ಲಿ ನಾಲ್ಕು ಹಳೆಯ ಕ್ರೂಸರ್ ಇಟ್ಟುಕೊಂಡು ಗೋಬೆನ್ ಎಂಬ ದೈತ್ಯ ಜರ್ಮನ್ ಹಡಗಿನ ಬೆನ್ನು ಹತ್ತಿದ್ದ. ತನಗಿಂತ ಬಲಶಾಲಿಯ ಮೇಲೆ ಬೀಳಬೇಡ ಅಂತ ಆಜ್ಞೆ ಇತ್ತು. ಲೆಕ್ಕ ಹಾಕಿ ಹಿಂದಿರುಗಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನೌಕಾಪಡೆಯ ಸಂಪ್ರದಾಯಕ್ಕೇ ವಿರುದ್ಧ ಅಂತ ಸೆಪ್ಟೆಂಬರಿನ ವಿಚಾರಣೆಯಲ್ಲಿ ಛೀಮಾರಿ ಹಾಕಿದರು. ಕೋರ್ಟ್ ಮಾರ್ಷಲ್ ನವೆಂಬರಿನಲ್ಲಿ ನಡೆದು ಬಿಡುಗಡೆ ಆಯಿತು, ಆದರೆ ಮತ್ತೆಂದೂ ಸಮುದ್ರದಲ್ಲಿ ಹಡಗುಗಳ ಅಧಿಕಾರ ಕೊಡಲಿಲ್ಲ. ಟ್ರೌಬ್ರಿಜ್‌ಗೆ ಆದದ್ದು ತನಗೆ ಆಗದಂತೆ ನೋಡಿಕೊಳ್ಳುತ್ತೇನೆ ಅಂತ ಕ್ರಾಡಕ್ ಹೇಳಿದ್ದು ದಾಖಲಾಗಿದೆ. ಒಬ್ಬ ಅಡ್ಮಿರಲ್ ಲೆಕ್ಕ ಮಾಡಿ ಹಿಂದಿರುಗಿದ್ದಕ್ಕೆ ಅವಮಾನ ಮಾಡಿದಿರಿ. ಇನ್ನೊಬ್ಬ ಅದನ್ನು ನೋಡಿ ಯಾವ ಪಾಠ ಕಲಿಯುತ್ತಾನೆ, ಹೇಳಿ?

ಅಕ್ಟೋಬರ್ 22ರಂದು ಕ್ರಾಡಕ್ ಫಾಕ್‌ಲ್ಯಾಂಡಿನಿಂದ ಹೊರಟ. ಹೊರಡುವ ಮುಂಚೆ ತನ್ನ ಪದಕಗಳನ್ನು ಗವರ್ನರ್ ಆಲರ್ಡೈಸ್ ಅವರ ಬಂಗಲೆಯ ತೋಟದಲ್ಲಿ ಹೂತಿಟ್ಟ. ಒಂದು ಕಾಗದ ಬರೆದು ಗವರ್ನರ್ ಕೈಗೆ ಕೊಟ್ಟ, ತಾನು ಸತ್ತ ಸುದ್ದಿ ಬಂದರೆ ಮಾತ್ರ ಅಡ್ಮಿರಲ್ ಹೆಡ್‌ವರ್ತ್ ಮ್ಯೂಕ್ಸ್‌ಗೆ ಕಳಿಸಿ ಅಂತ.

ನವೆಂಬರ್ 1, ಭಾನುವಾರ. ಜಾಗ ಚಿಲಿಯ ಕೊರೊನೆಲ್ ಬಂದರಿನ ಆಚೆ. ಹಿಂದಿನ ದಿನ ಕ್ರಾಡಕ್‌ನ ಗ್ಲಾಸ್ಗೋ ಎಂಬ ಲಘು ಕ್ರೂಸರ್ ತಂತಿಗಳನ್ನು ತರಲು ಆ ಬಂದರಿಗೆ ಹೋಗಿತ್ತು. ಆ ಸುದ್ದಿ ಸ್ಪೇಗೆ ಮುಟ್ಟಿತು. ಒಂಟಿ ಗ್ಲಾಸ್ಗೋವನ್ನು ಹಿಡಿಯೋಣ ಅಂತ ಆತ ದಕ್ಷಿಣಕ್ಕೆ ಬಂದ. ಇತ್ತ ಕ್ರಾಡಕ್‌ಗೆ ವೈರ್‌ಲೆಸ್‌ನಲ್ಲಿ ಕೇಳುತ್ತಿದ್ದದ್ದು ಲೈಪ್‌ಜಿಗ್ ಎಂಬ ಒಂದೇ ಜರ್ಮನ್ ಹಡಗಿನ ಸಂಕೇತ. ಸ್ಪೇ ಬೇಕಂತಲೇ ಅದೊಂದರಿಂದಲೇ ಕಳಿಸುತ್ತಿದ್ದ. ಒಂಟಿ ಲೈಪ್‌ಜಿಗ್ ಸಿಕ್ಕೀತು ಅಂತ ಕ್ರಾಡಕ್ ಉತ್ತರಕ್ಕೆ ಬಂದ. ಇಬ್ಬರೂ ಒಂದು ಹಡಗು ಹುಡುಕಿಕೊಂಡು ಬಂದು ಪೂರ್ತಿ ತಂಡವನ್ನೇ ಎದುರಿಗೆ ಕಂಡರು. ಹೊಗೆ ಕಂಡದ್ದು ಸಂಜೆ ನಾಲ್ಕೂವರೆ ಸುಮಾರಿಗೆ.

ಕ್ರಾಡಕ್ ಬಳಿ ಗುಡ್ ಹೋಪ್, ಮಾನ್‌ಮತ್, ಗ್ಲಾಸ್ಗೋ, ಮತ್ತೆ ಒಟ್ರಾಂಟೊ. ಈ ಕೊನೆಯದು ಪ್ರಯಾಣಿಕ ಹಡಗು, ಸಣ್ಣ ಫಿರಂಗಿ ಕೂರಿಸಿ ಯುದ್ಧಕ್ಕೆ ತಂದದ್ದು. ಕೆನೋಪಸ್ 300 ಮೈಲಿ ಹಿಂದೆ. ಸ್ಪೇಯ ಎರಡು ದೊಡ್ಡ ಹಡಗುಗಳು ಒಂದು ಮಗ್ಗುಲಿನಿಂದ 8.2 ಇಂಚಿನ 12 ಫಿರಂಗಿ ಹಾರಿಸಬಲ್ಲವು. ಅಷ್ಟು ದೂರ ಮುಟ್ಟುವ ಬ್ರಿಟಿಷ್ ಫಿರಂಗಿ ಎರಡೇ ಎರಡು, ಗುಡ್ ಹೋಪ್‌ನ 9.2 ಇಂಚಿನವು. ಉಳಿದ 6 ಇಂಚಿನ ಫಿರಂಗಿಗಳಲ್ಲಿ ಕೆಳಸಾಲಿನವು ನೀರಿನ ಮಟ್ಟಕ್ಕೆ ತೀರ ಹತ್ತಿರ. ಅವತ್ತು ದಕ್ಷಿಣದಿಂದ ಬಿರುಗಾಳಿ. ಅಲೆ ನುಗ್ಗಿ ಬರುತ್ತಿದ್ದರಿಂದ ಆ ಕಿಟಕಿಗಳನ್ನು ತೆರೆಯುವುದೇ ಕಷ್ಟ.

ಆದರೂ ಕ್ರಾಡಕ್ ಒಂದು ಯೋಚನೆ ಮಾಡಿದ್ದ. ಆತನ ಸಾಲು ಪಶ್ಚಿಮಕ್ಕಿತ್ತು, ಜರ್ಮನ್ನರದು ತೀರದ ಕಡೆ, ಪೂರ್ವಕ್ಕೆ. ಸೂರ್ಯ ಮುಳುಗುವ ತನಕ ಬೆಳಕು ಜರ್ಮನ್ನರ ಕಣ್ಣಿಗೆ ಹೊಡೆಯುತ್ತದೆ. ಆಗಲೇ ಹತ್ತಿರ ನುಗ್ಗಿ ಹೊಡೆಯಬೇಕು. ಕ್ರಾಡಕ್ ತಿರುಗಿ ನುಗ್ಗಲು ನೋಡಿದ. ಸ್ಪೇಗೂ ಇದು ಗೊತ್ತು. ವೇಗ ಜಾಸ್ತಿ ಇದ್ದದ್ದರಿಂದ ದೂರ ಸರಿದು ಸರಿದು ಸೂರ್ಯ ಇಳಿಯುವುದನ್ನೇ ಕಾದ. ಆರೂ ಕಾಲರ ನಂತರ ಕ್ರಾಡಕ್ ಕೆನೋಪಸ್‌ಗೆ ವೈರ್‌ಲೆಸ್‌ನಲ್ಲಿ ಹೇಳಿದ: ಈಗ ಶತ್ರುವಿನ ಮೇಲೆ ಬೀಳುತ್ತಿದ್ದೇನೆ. ಏಳಕ್ಕೆ ಸ್ವಲ್ಪ ಮುಂಚೆ ಸೂರ್ಯ ಮುಳುಗಿದ. ಒಂದೇ ಕ್ಷಣದಲ್ಲಿ ಎಲ್ಲ ತಿರುಗುಮುರುಗು. ಬ್ರಿಟಿಷ್ ಹಡಗುಗಳು ಕೆಂಪು ಆಕಾಶದ ಮುಂದೆ ಕಪ್ಪು ಚಿತ್ರದ ಹಾಗೆ ಎದ್ದು ಕಂಡವು. ಜರ್ಮನ್ ಹಡಗುಗಳು ತೀರದ ಕತ್ತಲಲ್ಲಿ ಕರಗಿದವು. ಆಗ ಸ್ಪೇ ಹಾರಿಸಿದ.

ಮೂರನೇ ಸುತ್ತಿಗೇ ಗುಡ್ ಹೋಪ್‌ನ ಮುಂದಿನ ದೊಡ್ಡ ಫಿರಂಗಿ ಹೋಯಿತು. ಇದ್ದ ಎರಡರಲ್ಲಿ ಒಂದು. ಮುಂದಿನ ಮುಕ್ಕಾಲು ಗಂಟೆ ಬರೀ ಪೆಟ್ಟು ತಿನ್ನುವುದೇ ಆಯಿತು. ಕ್ರಾಡಕ್ ಮಾತ್ರ ಹತ್ತಿರ ಹೋಗುವುದನ್ನು ಬಿಡಲಿಲ್ಲ, ಸಣ್ಣ ಫಿರಂಗಿಗಳಾದರೂ ಮುಟ್ಟಲಿ ಅಂತ. ಎಂಟರ ಹತ್ತಿರ ಗುಡ್ ಹೋಪ್ ನಡುವೆ ದೊಡ್ಡ ಸ್ಫೋಟವಾಯಿತು, ಆಮೇಲೆ ಕತ್ತಲಲ್ಲಿ ಕಾಣೆಯಾಯಿತು. ನೀರು ತುಂಬಿ ವಾಲಿದ್ದ ಮಾನ್‌ಮತ್ ಒಂಬತ್ತರ ನಂತರ ನ್ಯೂರ್ನ್‌ಬರ್ಗ್ ಎಂಬ ಜರ್ಮನ್ ಹಡಗಿನ ಕೈಗೆ ಸಿಕ್ಕಿತು. ಶರಣಾಗಿ ಬಾವುಟ ಇಳಿಸಲಿಲ್ಲ, ಮುಳುಗಿತು. ಎರಡು ಹಡಗಿನಿಂದ ಒಬ್ಬನೂ ಉಳಿಯಲಿಲ್ಲ. ಸುಮಾರು 1,600 ಮಂದಿ. ಅವರಲ್ಲಿ ಕೆನಡಾದ ನೌಕಾ ಕಾಲೇಜಿನಿಂದ ಬಂದಿದ್ದ ನಾಲ್ವರು ಎಳೆಯ ಮಿಡ್‌ಶಿಪ್‌ಮನ್‌ಗಳು. ಕೆನಡಾ ನೌಕಾಪಡೆ ಯುದ್ಧದಲ್ಲಿ ಕಳೆದುಕೊಂಡ ಮೊದಲಿಗರು ಇವರೇ. ಗ್ಲಾಸ್ಗೋ, ಒಟ್ರಾಂಟೊ ತಪ್ಪಿಸಿಕೊಂಡವು. ಜರ್ಮನ್ನರ ಕಡೆ ಮೂವರಿಗೆ ಗಾಯ.

ಹಿಂದಿರುಗಬಹುದಿತ್ತಾ? ಇತ್ತು. ಹೊಗೆ ಕಂಡ ಕೂಡಲೇ ದಕ್ಷಿಣಕ್ಕೆ ತಿರುಗಿದ್ದರೆ ಮೂರು ಗಂಟೆಯಲ್ಲಿ ಕತ್ತಲಾಗುತ್ತಿತ್ತು. ನಿಧಾನದ ಒಟ್ರಾಂಟೊವನ್ನು ಬಿಟ್ಟು ಉಳಿದವರು ಬಹುಶಃ ಪಾರಾಗುತ್ತಿದ್ದರು. ಕೆನೋಪಸನ್ನು ದೂರ ಬಿಟ್ಟು ಬಂದದ್ದೂ ತಪ್ಪೇ. ಆ ಹಡಗು ಜೊತೆಗಿದ್ದರೆ ಸ್ಪೇ ಹತ್ತಿರ ಬರುತ್ತಲೇ ಇರಲಿಲ್ಲ ಅಂತ ಚರ್ಚಿಲ್ ಮುಂದೆ ವಾದಿಸಿದರು. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹತ್ತಿರ ಬಾರದ ಶತ್ರುವನ್ನು ನಾಶ ಮಾಡುವುದು ಹೇಗೆ? ಆಜ್ಞೆ ಇದ್ದದ್ದು ಹುಡುಕಿ ನಾಶ ಮಾಡು ಅಂತ. ಕಾಪಾಡಿಕೊ ಅಂತ ಯಾರೂ ಒಂದು ಸಾಲು ಬರೆಯಲಿಲ್ಲ. ತಪ್ಪನ್ನು ಹಂಚುವುದಾದರೆ ದೊಡ್ಡ ಪಾಲು ಲಂಡನ್ನಿನದು ಅಂತಲೇ ನಾನು ಹೇಳುತ್ತೇನೆ.

ಇನ್ನೊಂದು ಲೆಕ್ಕವೂ ಕ್ರಾಡಕ್ ಮನಸ್ಸಿನಲ್ಲಿ ಇದ್ದಿರಬೇಕು. ಸ್ಪೇಗೆ ಆ ಸಾಗರದಲ್ಲಿ ಒಂದು ರಿಪೇರಿ ಬಂದರು ಇರಲಿಲ್ಲ. ಹೊಸ ಗುಂಡು ಸಿಗುವ ಜಾಗವೂ ಇರಲಿಲ್ಲ. ಆತನ ಹಡಗಿಗೆ ಒಂದು ಗಟ್ಟಿ ಪೆಟ್ಟು ಬಿದ್ದರೆ ಸಾಕು, ಆಟ ಮುಗಿಯಿತು. ಆ ಪೆಟ್ಟು ಬೀಳಲಿಲ್ಲ. ಆದರೆ ಎರಡು ದೊಡ್ಡ ಹಡಗುಗಳ ಭಾರಿ ಗುಂಡುಗಳಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಅವತ್ತು ಸಂಜೆಯೇ ಖರ್ಚಾದವು. ಸ್ಪೇಗೂ ಇದರ ಅರ್ಥ ಗೊತ್ತಿತ್ತು. ಎರಡು ದಿನದ ನಂತರ ವಾಲ್ಪರೈಸೊದಲ್ಲಿ ಅಲ್ಲಿನ ಜರ್ಮನ್ನರು ಸಂಭ್ರಮದಿಂದ ಹೂಗುಚ್ಛ ಕೊಟ್ಟಾಗ, ಇದು ನನ್ನ ಗೋರಿಗೆ ಆದೀತು ಅಂದನಂತೆ. ಐದು ವಾರ ಕಳೆಯಲಿಲ್ಲ. ಡಿಸೆಂಬರ್ 8ರಂದು ಸ್ಪೇ ಫಾಕ್‌ಲ್ಯಾಂಡಿಗೆ ಬಂದ. ಲಂಡನ್ ಈಗ ಎಚ್ಚೆತ್ತು ಇನ್ವಿನ್ಸಿಬಲ್, ಇನ್‌ಫ್ಲೆಕ್ಸಿಬಲ್ ಎಂಬ ಎರಡು ವೇಗದ ಭಾರಿ ಹಡಗುಗಳನ್ನು ಅಡ್ಮಿರಲ್ ಸ್ಟರ್ಡಿ ಜೊತೆ ಕಳಿಸಿತ್ತು. ಬಂದರಿನ ಕೆಸರಿನಲ್ಲಿ ಕೂರಿಸಿದ್ದ ಮುದಿ ಕೆನೋಪಸ್ಸೇ ಮೊದಲ ಗುಂಡು ಹಾರಿಸಿತು. ಸಂಜೆಯೊಳಗೆ ಡ್ರೆಸ್ಡೆನ್ ಒಂದನ್ನು ಬಿಟ್ಟು ಉಳಿದ ನಾಲ್ಕೂ ಕ್ರೂಸರ್ ಮುಳುಗಿದವು. ಸ್ಪೇ ಸತ್ತ. ಅದೇ ತಂಡದಲ್ಲಿದ್ದ ಅವನ ಇಬ್ಬರು ಗಂಡುಮಕ್ಕಳೂ ಸತ್ತರು.

1916ರ ಜೂನಿನಲ್ಲಿ ಯಾರ್ಕ್‌ನ ದೊಡ್ಡ ಚರ್ಚಿನಲ್ಲಿ ಕ್ರಾಡಕ್ ಸ್ಮಾರಕವನ್ನು ಅಂದಿನ ನೌಕಾ ಮಂತ್ರಿ ಬಾಲ್ಫರ್ ಅನಾವರಣ ಮಾಡಿದರು. ರಿಪೇರಿಗೆ ಜಾಗವಿಲ್ಲದ ಶತ್ರುವಿಗೆ ಒಂದು ಪೆಟ್ಟು ಕೊಟ್ಟರೂ ಸಾಕು ಅಂತ ಈತ ತನ್ನ ಪ್ರಾಣ ಪಣಕ್ಕಿಟ್ಟ ಅನ್ನುವುದೇ ಅವರ ಭಾಷಣದ ಸಾರ. ಆ ಹೊತ್ತಿಗೆ ಗವರ್ನರ್ ಕೈಯಲ್ಲಿದ್ದ ಕಾಗದವೂ ಮ್ಯೂಕ್ಸ್‌ಗೆ ತಲುಪಿತ್ತು. ನಲವತ್ತು ವರ್ಷ ಸಮುದ್ರದಲ್ಲಿ ದುಡಿದ ಮೇಲೆ, ತನ್ನ ಮಾತನ್ನು ಯಾರೂ ಕೇಳದೆ ಬಲಿಯಾಗಿ ಹೋಗಲು ತಾನು ಸಿದ್ಧನಿಲ್ಲ ಅಂತ ಕ್ರಾಡಕ್ ಅದರಲ್ಲಿ ಬರೆದಿದ್ದ.